ಪಡುವಣ ಟೊಂಗೆ

ನನ್ನ ಎಡಗೈಯ ಕಿರುಬೆರಳು ಮತ್ತು ಅದರ ಪಕ್ಕದ ಬೆರಳು ಮಡಚುವುದಿಲ್ಲ. ಊಟಕ್ಕೆ ಕೂತಾಗ, ಗಾಡಿಯ ಹ್ಯಾಂಡಲ್ ಹಿಡಿದಾಗ ಅವೆರಡೂ ಸೆಟೆದು ನಿಂತಿರುತ್ತವೆ. ಅರಣ್ಯ ಇಲಾಖೆಯವನು ಎಂದು ಗೊತ್ತಾದ ಕೂಡಲೇ ಜನ ಆಸೆಯಿಂದ ಕೇಳುತ್ತಾರೆ, ಚಿರತೆ ಕಚ್ಚಿತೇನು, ಕರಡಿ ಪರಚಿತೇನು ಎಂದು. ಅಥಣಿ ತಾಲೂಕಿನಲ್ಲಿ ಎಲ್ಲಿಯ ಕರಡಿ! ಅಲ್ಲಿರುವುದು ಕಬ್ಬು, ದ್ರಾಕ್ಷಿ, ಜಾಲಿಕಂಟಿ ಮತ್ತು ಹೊಲಗಳ ನಡುವಿನ ಬದು. ನನ್ನ ಬೆರಳು ಹೋದದ್ದು ಬದುವಿನ ಮೇಲಿನ ಒಂದು ಬೇವಿನ ಮರದ ಬುಡದಲ್ಲಿ, ಒಳ್ಳೆಯ ಕೊಡಲಿಗೆ, ಹಾಡಹಗಲು.

ಎಂಬತ್ತರ ದಶಕದ ಕೊನೆಯ ಮಾತು. ನಾನಾಗ ಫಾರೆಸ್ಟರ್. ಕಾಡಿಲ್ಲದ ಸೀಮೆಯ ಫಾರೆಸ್ಟರನಿಗೆ ರೈತರ ಹೊಲದ ಮರಗಳೇ ಕಾಡು. ಸ್ವಂತ ಹೊಲದ ಮರವಾದರೂ ಪರವಾನಗಿ ಇಲ್ಲದೆ ಕಡಿಯುವಂತಿಲ್ಲ. ರೈತ ಅರ್ಜಿ ಕೊಡಬೇಕು. ನಾನು ಹೋಗಿ ನೋಡಿ, ಎದೆಮಟ್ಟದಲ್ಲಿ ಸುತ್ತಳತೆ ತೆಗೆದು, ಪಂಚನಾಮೆ ಬರೆದು ಕಳಿಸಬೇಕು. ಸಾಹೇಬರು ಒಪ್ಪಿದರೆ ಮತ್ತೆ ಹೋಗಿ ಮರಕ್ಕೆ ಹ್ಯಾಮರ್ ಹೊಡೆಯಬೇಕು. ಹ್ಯಾಮರ್ ಎಂದರೆ ತುದಿಯಲ್ಲಿ ಇಲಾಖೆಯ ಮುದ್ರೆ ಇರುವ ಕಬ್ಬಿಣದ ಸುತ್ತಿಗೆ. ತೊಗಟೆ ಕೆತ್ತಿ, ಒಳಗಿನ ಬಿಳಿ ಕಟ್ಟಿಗೆಯ ಮೇಲೆ ಎದೆಮಟ್ಟದಲ್ಲಿ ಒಂದು ಏಟು, ಬುಡದಲ್ಲಿ ಒಂದು ಏಟು. ಮರ ಹೋದ ಮೇಲೂ ಕೊರಡಿನಲ್ಲಿ ಗುರುತು ಉಳಿಯಲೆಂದು ಬುಡದ ಮುದ್ರೆ. ಕಡಿದವನು ಬದಲಿಗೆ ಸಸಿ ನೆಟ್ಟು ಬೆಳೆಸಬೇಕು ಎಂಬ ಷರತ್ತು ಕೂಡ ಪರವಾನಗಿಯಲ್ಲಿ ಇರುತ್ತದೆ. ಅದನ್ನು ಓದಿ ನಕ್ಕವರನ್ನು ಬಹಳ ನೋಡಿದ್ದೇನೆ, ನೆಟ್ಟವರನ್ನು ಕಡಿಮೆ.

ಅರ್ಜಿ ತಂದವನು ಇಬ್ಬರು ಸಹೋದರರಲ್ಲಿ ಹಿರಿಯವನು. ಇಲ್ಲಿ ಅವನನ್ನು ಅಣ್ಣ ಎಂದೇ ಕರೆಯುತ್ತೇನೆ, ಇನ್ನೊಬ್ಬನನ್ನು ತಮ್ಮ ಎಂದು. ಅನಂತಪುರದ ದಾರಿಯಲ್ಲಿ ಒಳಗೆ ಹೊರಳಿದರೆ ಅವರ ಹೊಲ. ಬಾವಿ ಇದ್ದ ಪಡುವಣ ಭಾಗ ಅಣ್ಣನಿಗೆ ಬಂದಿತ್ತು. ಅಲ್ಲಿ ದ್ರಾಕ್ಷಿ, ಕಬ್ಬು ಹಾಕಿದ್ದ. ಒಣಭೂಮಿಯಾದ ಮೂಡಣ ಭಾಗ ತಮ್ಮನಿಗೆ; ಅವನು ಕುರಿ, ಆಡು ಸಾಕಿಕೊಂಡಿದ್ದ. ನಡುವಿನ ಬದುವಿನ ಮೇಲೆ ಅವರ ಮುತ್ತಜ್ಜನ ಕಾಲದ ಬೇವು.

ಅಣ್ಣ ಕೈಮುಗಿದು ನಿಂತ. ಕಣ್ಣಲ್ಲಿ ನೀರೂ ಇತ್ತು.

"ಸಾಹೇಬ್ರ, ಮರ ವಾಲೇತ್ರಿ. ಬುಡದಾಗ ನನ್ನ ತಮ್ಮನ ಗುಡಿಸಲ ಐತಿ, ಕುರಿ ದೊಡ್ಡಿ ಐತಿ. ನಾಳೆ ಬಿದ್ರ ಅವ್ನ ಸಂಸಾರ ಮಣ್ಣಾಗತೈತಿ. ಒಡಹುಟ್ಟಿದಾಂವ್ರಿ. ಕರಳ ಚುರ್ ಅಂತೈತಿ."

ತಮ್ಮನ ಮೇಲೆ ಇಷ್ಟು ಪ್ರೀತಿ ಇರುವ ಅಣ್ಣಂದಿರು ನಮ್ಮ ಕಚೇರಿಗೆ ಬಂದದ್ದು ಕಡಿಮೆ. ಬರುವವರೆಲ್ಲ ಒಬ್ಬರ ಮೇಲೊಬ್ಬರು ಹಲ್ಲು ಕಡಿಯುತ್ತಲೇ ಬರುವವರು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು, ಬಂತು ಕೂಡ.

ಗಾರ್ಡನನ್ನು ಕರೆದುಕೊಂಡು ಸ್ಥಳ ನೋಡಲು ಹೋದೆ. ಮರ ನಿಜವಾಗಿಯೂ ವಾಲಿತ್ತು. ದೂರದಿಂದಲೇ ಯಾಕೆ ಎಂದು ಗೊತ್ತಾಗುತ್ತಿತ್ತು. ದ್ರಾಕ್ಷಿಯ ಮೇಲಿದ್ದ ಪಡುವಣ ಟೊಂಗೆಗಳನ್ನು ಕಾಂಡದವರೆಗೂ ಸವರಿ ಹಾಕಿದ್ದರು. ಗಾಯಗಳಿಂದ ಇನ್ನೂ ಅಂಟು ಸೋರುತ್ತಿತ್ತು. ಮರದ ಉಳಿದ ಹಂದರ, ಇಡೀ ಭಾರ ತಮ್ಮನ ಗುಡಿಸಲಿನ ಮೇಲೆ ಬಾಗಿ ನಿಂತಿತ್ತು. ಪಡುವಣ ಬುಡದ ಎರೆಮಣ್ಣು ಕೈ ತೂರುವಷ್ಟು ಬಾಯಿ ಬಿಟ್ಟಿತ್ತು.

ಟೇಪು ಹಿಡಿದು ನಾನು ಕಾಂಡಕ್ಕೆ ಸುತ್ತು ಹಾಕುತ್ತಿದ್ದೆ. ಸುಂಯ್ ಎಂದು ಏನೋ ಕಿವಿಯ ಪಕ್ಕ ಹೋಯಿತು. ಹಿಂದೆ ನಿಂತಿದ್ದ ಗಾರ್ಡ್ "ಯವ್ವಾ" ಎಂದು ಕೂತುಬಿಟ್ಟ. ಹಣೆ ಒಡೆದು ರಕ್ತ ಹುಬ್ಬಿನ ಮೇಲಿಂದ ಕಣ್ಣಿಗೆ ಇಳಿಯುತ್ತಿತ್ತು. ದೊಡ್ಡಿಯ ಬಾಗಿಲಲ್ಲಿ ತಮ್ಮನ ಹೆಂಡತಿ ನಿಂತಿದ್ದಳು, ಕೈಯಲ್ಲಿ ಕವಣೆ. ಎರಡನೆಯ ಕಲ್ಲು ಆಗಲೇ ಅದರಲ್ಲಿ ಕೂತಿತ್ತು.

"ಮರಕ್ಕ ಟೇಪ ಹಚ್ಚಿದ್ಯೋ, ನಿನ್ನ ಹೆಣಕ್ಕ ಟೇಪ ಹಚ್ಚತಾರ ನೋಡ!"

ನನಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದಂತೆ ಬೈದೆ. ಅಷ್ಟರಲ್ಲಿ ಕುರಿಗಳ ನಡುವಿನಿಂದ ತಮ್ಮ ಓಡಿಬಂದು ಹೆಂಡತಿಯ ಕೈಯಿಂದ ಕವಣೆ ಕಸಿದ. ಅವಳ ಕೆನ್ನೆಗೆ ಒಂದು ಬಾರಿಸಿ, ತನ್ನ ತಲೆಯ ಪಟಗದ ತುದಿ ಹರಿದು ಗಾರ್ಡಿನ ಹಣೆಗೆ ಕಟ್ಟಿದ. ಆಮೇಲೆ ನನ್ನ ಕಡೆ ತಿರುಗಿದ. ಗಿಡ್ಡ ಆಳು, ಮೆದು ದನಿ.

"ಬದುವಿನ ಮರಕ್ಕ ನಮ್ಮ ಕಡೆ ಒಂದ ರೀತಿ ಐತ್ರಿ, ಸಾಹೇಬ್ರ. ಬುಡ ಇಬ್ಬರದು. ಟೊಂಗಿ ಯಾರ ಹೊಲದ ಮ್ಯಾಲ ಬಾಗೇತಿ, ಅವರದು. ಅಣ್ಣತಮ್ಮರ ಹೊಲ ವಾಟ್ನಿ ಆದಾಗ ಪಂಚರು ಹಂಗ ಹಂಚ್ಯಾರ. ಪಡವಣ ಟೊಂಗಿ ಅಣ್ಣಂದು, ಮೂಡಣ ಟೊಂಗಿ ನಂದು. ಅಂವ ತನ್ನ ಪಾಲ ಕಡಕೊಂಡಾನ. ನಾ ಒಂದ ಮಾತ ಕೇಳಿಲ್ಲ. ನನ್ನ ಪಾಲ ಯಾಕ ಕೇಳತಾನ?"

"ಮರ ನಿನ್ನ ಮ್ಯಾಲ ಬಿದ್ರ?"

"ಬೀಳಲಿ ಬಿಡ್ರಿ. ಬ್ಯಾಸಿಗ್ಯಾಗ ಈ ನೆಳ್ಳ ಬಿಟ್ರ ಕುರಿಗೆ ಬ್ಯಾರೆ ನೆಳ್ಳಿಲ್ಲ, ಈ ತೊಪ್ಪಲ ಬಿಟ್ರ ಆಡಿಗೆ ಬ್ಯಾರೆ ತೊಪ್ಪಲಿಲ್ಲ. ಮರ ಹೋತಂದ್ರ ಈ ಜೀವಾಲ, ಕುರಿ ಆಡ ಎಲ್ಲಾ ಮಾರಬೇಕು. ಮಾರಿ ಎಲ್ಲಿ ಹೋಗ್ಲಿ? ಅಣ್ಣನ ಹೊಲದಾಗ ಕೊಯ್ತಾ ಹಿಡದ ಕಬ್ಬ ಕಡ್ಯಾಕ ಹೋಗಬೇಕು. ಅದಕ್ಕ ಕಾಯಾಕತ್ತಾನ ಅಂವ."

ಆಗ ನನಗೆ ಅಣ್ಣನ ಲೆಕ್ಕ ಪೂರ್ತಿ ತಿಳಿಯಿತು. ಮುಂಜಾನೆಯ ಬಿಸಿಲು ಬೇವನ್ನು ದಾಟಿ ಬರಬೇಕಿದ್ದರಿಂದ ಮೂರು ಸಾಲು ದ್ರಾಕ್ಷಿಗೆ ನೆರಳು ಬೀಳುತ್ತಿತ್ತು, ಹಣ್ಣಿಗೆ ಸಿಹಿ ಏರುತ್ತಿರಲಿಲ್ಲ. ಆ ಕಾರಣಕ್ಕೆ ಅರ್ಜಿ ಹಾಕಿದ್ದರೆ ತಳ್ಳಿಹಾಕುತ್ತಿದ್ದೆವು. ಜೀವಕ್ಕೆ ಅಪಾಯ ಎಂದರೆ ಮಾತ್ರ ಪರವಾನಗಿ ನಿಲ್ಲುವುದಿಲ್ಲ. ಹಾಗಾಗಿ ಅವನು ತನ್ನ ಪಾಲು ಸವರಿ ಮರವನ್ನು ತಮ್ಮನ ಮೇಲೆ ವಾಲಿಸಿ, ತಮ್ಮನ ಜೀವ ಉಳಿಸಿ ಎಂದು ನಮ್ಮ ಬಾಗಿಲಿಗೆ ಬಂದಿದ್ದ. ಇಂಥ ತಲೆ ನಮ್ಮ ಇಲಾಖೆಯಲ್ಲಿ ಒಂದಿದ್ದರೆ ನಾವು ಎಲ್ಲಿಯೋ ಇರುತ್ತಿದ್ದೆವು.

ಇದನ್ನೆಲ್ಲ ವರದಿಯಲ್ಲಿ ಬರೆದೆ. ಮೂಡಣ ಭಾಗವನ್ನೂ ಸ್ವಲ್ಪ ಸವರಿ ಭಾರ ಸಮ ಮಾಡಬಹುದು, ಕಲ್ಲಿನ ಕಂಬ ಆನಿಸಬಹುದು ಎಂದೂ ಬರೆದೆ. ಅಣ್ಣ ಕಂಬಕ್ಕೆ ಒಪ್ಪಲಿಲ್ಲ, ತಮ್ಮ ಸವರಲು ಒಪ್ಪಲಿಲ್ಲ. ಅಷ್ಟರಲ್ಲಿ ಅಣ್ಣ ಸರ್ವೆಯವರನ್ನು ಕರೆಸಿ ಸರಪಳಿ ಎಳೆಸಿದ. ಬದುವಿನ ಗುರುತು ಮೊಳದಷ್ಟು ಸರಿಯಿತು, ಬುಡ ಪೂರ್ತಿ ಅಣ್ಣನ ಹಿಸ್ಸೆಯೊಳಗೆ ಬಿತ್ತು. ಪಂಚರ ಬಾಯಿಮಾತಿನ ಹಂಚಿಕೆ ಯಾವ ಕಾಗದದಲ್ಲೂ ಇರಲಿಲ್ಲ.

ಸಾಹೇಬರು ನನ್ನ ವರದಿಯನ್ನು ಎರಡು ಸಲ ಓದಿದರು.

"ಮರ ವಾಲೇತಿ, ಹೌದಿಲ್ಲೋ?"

"ವಾಲಿಸ್ಯಾರ್ರಿ."

"ಯಾರ ವಾಲಿಸಿದ್ರಂತ ಕಾಯ್ದೆ ಕೇಳಂಗಿಲ್ಲಪಾ. ನಾಳೆ ಒಂದ ಗಾಳಿ ಬಂದು ಗುಡಿಸಲದಾಗ ನಾಕ ಹೆಣ ಬಿದ್ರ ನೀ ಹೊಣಿಯೋ, ನಾ ಹೊಣಿಯೋ?"

ಅವರು ಹೇಳಿದ್ದು ತಪ್ಪೇನಲ್ಲ. ಪರವಾನಗಿ ಬಂತು. ಕಡಿದ ಮರಕ್ಕೆ ಬದಲಾಗಿ ಅದೇ ಜಮೀನಿನಲ್ಲಿ ಬೇವಿನ ಸಸಿ ನೆಟ್ಟು ಬೆಳೆಸಬೇಕು, ಕಡಿಯುವಾಗ ನಾನು ಎದುರಿಗೆ ಇರಬೇಕು. ಷರತ್ತು ಓದಿ ಹೇಳಿದಾಗ ಅಣ್ಣ, "ಹಚ್ಚೋಣ ಬಿಡ್ರಿ, ಸಾಹೇಬ್ರ, ಬಾವಿ ಮೂಲ್ಯಾಗ ಒಂದ ಹಚ್ಚೋಣ" ಎಂದ. ಅವನ ಕಣ್ಣಲ್ಲಿ ಈ ಸಲ ನೀರಿರಲಿಲ್ಲ.

ಹ್ಯಾಮರ್ ಹೊಡೆದ ದಿನ ಆದದ್ದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಕುರಿ ಬಿಟ್ಟುಕೊಂಡು ತಮ್ಮ ದೂರ ಹೋಗಿದ್ದ. ಅವನ ಹೆಂಡತಿ ಕಾಂಡವನ್ನು ಎರಡೂ ತೋಳಿನಿಂದ ತಬ್ಬಿ ನಿಂತಿದ್ದಳು. ಪಕ್ಕಕ್ಕೆ ಸರಿ ತಾಯಿ, ಸರಿ ಎಂದು ನಾನು ಹೇಳುತ್ತಲೇ ಇದ್ದೆ. ಅಣ್ಣನ ಹಿರಿಯ ಮಗ ಬಂದ. ಎತ್ತರದ, ಕಟ್ಟುಮಸ್ತಾದ ಗಂಡಸು. ಚಿಕ್ಕಮ್ಮನ ತುರುಬಿಗೆ ಕೈ ಹಾಕಿ ಎಳೆದ. ಅವಳು ಬಿಡಲಿಲ್ಲ. ಮೊಣಕಾಲಿನಿಂದ ಅವಳ ಬೆನ್ನಿಗೆ ಗುದ್ದಿದ. ತೊಗಟೆ ಅವಳ ಗಲ್ಲದ ಚರ್ಮ ಕಿತ್ತಿತು, ಉಗುರಲ್ಲಿ ರಕ್ತ ಬಂತು, ಕೊನೆಗೆ ಅವಳನ್ನು ಎಳೆದುಕೊಂಡು ಹೋಗಿ ಜಾಲಿಮುಳ್ಳಿನ ಬೇಲಿಗೆ ಒಗೆದ. ನಾನೂ ಗಾರ್ಡೂ ಅವನ ಮೇಲೆ ಬಿದ್ದೆವು. ಅವನು ನಮ್ಮಿಬ್ಬರನ್ನೂ ಜಾಡಿಸಿ, "ನಿಮ್ಮ ಕೆಲಸ ಮುಗಸ್ರಿ ಮೊದಲ" ಎಂದ.

ಕೆಲಸ ಮುಗಿಸಿದೆ. ಎದೆಮಟ್ಟದ ಮುದ್ರೆ ಅರ್ಧವೇ ಮೂಡಿ ಎರಡನೆಯ ಏಟು ಹಾಕಬೇಕಾಯಿತು. ಬೇಲಿಯೊಳಗಿನಿಂದ ಅವಳು ನನ್ನ ಏಳು ತಲೆಮಾರಿಗೆ ಹಿಡಿಶಾಪ ಹಾಕುತ್ತಿದ್ದಳು. ಅವಳನ್ನು ಠಾಣೆಗೆ ಕರೆದುಕೊಂಡು ಹೋಗಿ ದೂರು ಕೊಡಿಸಿದೆ. ಮನೆತನದ ಜಗಳ ಎಂದು ಬರೆದುಕೊಂಡು ಕಳಿಸಿದರು.

ಕಡಿಯುವ ದಿನ ಬಂತು. ಬಂದೋಬಸ್ತಿಗೆ ಪೊಲೀಸರನ್ನು ಕೇಳಿದ್ದೆ. ಕಬ್ಬು ನುರಿಸುವ ಹಂಗಾಮು ಶುರುವಾಗಿ ಉಗಾರ ಖುರ್ದದ ಸಕ್ಕರೆ ಕಾರ್ಖಾನೆಯ ದಾರಿಯ ತುಂಬ ಕಬ್ಬಿನ ಗಾಡಿಗಳು, ಪೊಲೀಸರೆಲ್ಲ ಅಲ್ಲಿದ್ದರು. ನಾನು, ಹಣೆಯ ಪಟ್ಟಿ ಬಿಚ್ಚಿದ್ದ ಗಾರ್ಡು, ಇಬ್ಬರೇ.

ಹೋಗಿ ನೋಡಿದರೆ ಮರದ ಮೇಲೆ ತಮ್ಮನಿದ್ದ. ತನ್ನ ಪಾಲಿನ ಮೂಡಣ ಟೊಂಗೆಯ ಕವಲಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ, ತೊಡೆಯ ಮೇಲೆ ಕೊಯ್ತಾ. ಕೆಳಗೆ ಅವನ ಹೆಂಡತಿ ಬುಟ್ಟಿಯಲ್ಲಿ ಕಲ್ಲು ಗುಡ್ಡೆ ಹಾಕಿಕೊಂಡಿದ್ದಳು, ಮೂಡಣ ಕಡೆಗೆ ಯಾರನ್ನೂ ಬಿಡುತ್ತಿರಲಿಲ್ಲ.

"ಇಳಿಯೋ" ಎಂದೆ.

"ನನ್ನ ಟೊಂಗಿ ಮ್ಯಾಲ ನಾ ಕುಂತೇನ್ರಿ."

ಅಣ್ಣ ಆಳುಗಳಿಗೆ ಕೈ ಸನ್ನೆ ಮಾಡಿದ. ಇಬ್ಬರು ಪಡುವಣ ಕಡೆಯಿಂದ ಗರಗಸ ಹಚ್ಚಿದರು. ಅಂಜಿಸಿದರೆ ಇಳಿಯುತ್ತಾನೆ ಎಂದು ಅಣ್ಣನ ಎಣಿಕೆ ಇದ್ದಿರಬೇಕು. ತಮ್ಮ ಅಲ್ಲಾಡಲಿಲ್ಲ. ಗರಗಸ ಒಳಗೆ ಹೋಗುತ್ತಲೇ ಇತ್ತು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಮರ ಯಾವ ಕಡೆ ಬೀಳಬೇಕೋ ಆ ಕಡೆಯ ಬುಡದಲ್ಲಿ ಮೊದಲು ಒಂದು ಬಾಯಿ ಕೊರೆಯಬೇಕು, ಆಮೇಲೆ ಹಿಂದಿನಿಂದ ಕೊಯ್ಯಬೇಕು. ವಾಲಿದ ಮರವಾದರಂತೂ ಅದು ತಪ್ಪುವಂತಿಲ್ಲ. ಬಾಯಿ ಕೊರೆಯದೆ ಬೆನ್ನ ಕಡೆಯಿಂದಲೇ ಕೊಯ್ದರೆ ಮರ ಕಡಿದು ಬೀಳುವುದಿಲ್ಲ. ನಟ್ಟನಡುವೆ ಸೀಳಿ, ಅರ್ಧ ಮುಂದಕ್ಕೆ ಬಿದ್ದು, ಉಳಿದರ್ಧ ಹಿಂದಕ್ಕೆ ಚಿಮ್ಮುತ್ತದೆ. ಮೇಲಿದ್ದವನು ಸಾಯುತ್ತಾನೆ, ಗರಗಸ ಹಿಡಿದವರ ಎದೆಗೂಡೂ ಉಳಿಯುವುದಿಲ್ಲ. ಮೂಡಣ ಕಡೆ ಬಾಯಿ ಕೊರೆಯಲು ತಮ್ಮನ ಹೆಂಡತಿಯ ಕವಣೆ ಬಿಡುತ್ತಿರಲಿಲ್ಲ. ಇವರು ಬೆನ್ನಿನಿಂದಲೇ ಕೊಯ್ಯುತ್ತಿದ್ದರು.

"ನಿಲ್ಲಸ್ರಿ! ಮರ ಸೀಳತೈತಿ, ನೀವೂ ಸಾಯತೀರಿ!"

ಆಳುಗಳು ಕೈ ತಡೆದು ಅಣ್ಣನ ಮುಖ ನೋಡಿದರು. ಅಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಹ್ಯಾಮರ್ ಬಿದ್ದ ಮರ ಐತಿ. ಇನ್ನ ಯಾರಪ್ಪಂದೂ ಕೇಳೂದಿಲ್ಲ. ಎಳೀರಿ ಗರಗಸ!"

ಅವನ ಮಾತಿನಲ್ಲೇ ನನಗೆ ದಾರಿ ಸಿಕ್ಕಿತು. ಮುದ್ರೆ ಇರುವವರೆಗೆ ನಾನು ಏನು ಕೂಗಿದರೂ ಅದು ಫಾರೆಸ್ಟರನ ಒದರಾಟ. ಮುದ್ರೆ ಹೋದರೆ ಆ ಕ್ಷಣದಿಂದ ಗರಗಸದ ಪ್ರತಿ ಎಳೆತವೂ ಅಪರಾಧ, ಆಳುಗಳಿಗೂ ಅದು ಗೊತ್ತು. ಇಲಾಖೆಯ ಮುದ್ರೆ ಅಳಿಸುವುದು ಕೂಡ ಅಪರಾಧವೇ, ಜೈಲಿಗೆ ಹಾಕುವಂಥದ್ದು. ಅದನ್ನು ನಾನೇ ಎಷ್ಟೋ ಕಟ್ಟಿಗೆ ಕಳ್ಳರಿಗೆ ಓದಿ ಹೇಳಿದ್ದೆ. ಹೆಚ್ಚು ಯೋಚಿಸಲಿಲ್ಲ. ಗಾಡಿಯಲ್ಲಿದ್ದ ಸಣ್ಣ ಕೊಡಲಿ ತಂದು ಎದೆಮಟ್ಟದ ಮುದ್ರೆಯನ್ನು ಎರಡೇಟಿಗೆ ಚಕ್ಕೆ ಎಬ್ಬಿಸಿ ಒಗೆದೆ.

"ಮುದ್ರಿ ಇಲ್ಲ! ಪರವಾನಗಿ ಇಲ್ಲ! ಗರಗಸ ಎಳದವ್ರ ಕೈಗೆ ಬೇಡಿ ಹಾಕತೇನಿ!"

ಆಳುಗಳು ಗರಗಸ ಬಿಟ್ಟು ಹಿಂದೆ ಸರಿದರು. ಬುಡದ ಮುದ್ರೆ ಇನ್ನೂ ಇತ್ತು. ಅದೊಂದು ಉಳಿದರೂ ಪರವಾನಗಿ ಉಳಿದಂತೆ. ನಾನು ಮೊಣಕಾಲೂರಿ, ಎಡಗೈಯನ್ನು ಕಾಂಡಕ್ಕೆ ಆನಿಸಿ ಕೆತ್ತತೊಡಗಿದೆ. ಅಣ್ಣನ ಮಗ ಬಂದದ್ದು ನನಗೆ ಕಾಣಲಿಲ್ಲ. ಕೊಡಲಿ ಬಿದ್ದ ಸದ್ದು ಕೇಳಿತು, ಹಸಿ ಕಟ್ಟಿಗೆಗೆ ಬಿದ್ದ ಹಾಗೆಯೇ ಕೇಳಿತು. ನೋಡಿದರೆ ನನ್ನ ಕೈ ಮರಕ್ಕೆ ಅಂಟಿಕೊಂಡಿತ್ತು. ಅವನು ಕೊಡಲಿ ಕಿತ್ತುಕೊಂಡಾಗ ರಕ್ತ ನನ್ನ ಮುಖಕ್ಕೇ ಚಿಮ್ಮಿತು.

ಎರಡನೆಯ ಏಟಿಗೆ ಅವನು ಕೊಡಲಿ ಎತ್ತಿದ್ದ. ಅದು ನನ್ನ ಕುತ್ತಿಗೆಗೇ ಇತ್ತು. ಮೇಲಿನಿಂದ ತಮ್ಮ ಧುಮುಕಿದ. ಕೊಯ್ತಾ ಮೊದಲು ಬಂತು, ಅವನು ಆಮೇಲೆ. ಕೊಯ್ತಾ ಅಣ್ಣನ ಮಗನ ಬಲಭುಜದಲ್ಲಿ ಎಲುಬಿನವರೆಗೆ ಇಳಿಯಿತು. ತಮ್ಮನ ಕಾಲು ಲಟಕ್ಕೆಂದು ಮುರಿಯಿತು. ಅಣ್ಣ ಬಾಯಿ ಬಾಯಿ ಬಡಿದುಕೊಳ್ಳುತ್ತ ಬಂದು, ಬಿದ್ದಿದ್ದ ತಮ್ಮನ ಮುಖಕ್ಕೆ ಒದೆಯತೊಡಗಿದ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿದವನ ಮುಖಕ್ಕೆ, ಚಪ್ಪಲಿ ಕಾಲಿನಿಂದ, ಹಲ್ಲು ಉದುರುವವರೆಗೆ. ಕವಣೆಯ ಕಲ್ಲು ಅಣ್ಣನ ಕಿವಿ ಹರಿಯಿತು. ಆದರೂ ಅವನು ನಿಲ್ಲಿಸಲಿಲ್ಲ. ಗಾರ್ಡ್ ಹಿಂದಿನಿಂದ ಗರಗಸದ ಹಿಡಿಕೆ ತೆಗೆದುಕೊಂಡು ಅವನ ಮೊಣಕಾಲಿಗೆ ಹೊಡೆದ ಮೇಲೆ ನಿಂತ.

ನಾನು ಅಷ್ಟರಲ್ಲಿ ಬಲಗೈಯಿಂದ ಬುಡದ ಮುದ್ರೆ ಕೆತ್ತುತ್ತಿದ್ದೆನಂತೆ. ಗಾರ್ಡ್ ಹೇಳಿದ್ದು. ನನಗೆ ನೆನಪಿಲ್ಲ.

ಎಲ್ಲರನ್ನೂ ಒಂದೇ ಟೆಂಪೋದಲ್ಲಿ ಹಾಕಿ ಮಿರಜಿನ ದವಾಖಾನೆಗೆ ಒಯ್ದರು. ಕಡಿದವನೂ ಕಡಿಸಿಕೊಂಡವನೂ ಒಬ್ಬರ ರಕ್ತದ ಮೇಲೊಬ್ಬರು ಮಲಗಿದ್ದೆವು. ಅಣ್ಣನ ಮಗನ ಕೈ ಉಳಿಯಿತು, ಬಲ ಉಳಿಯಲಿಲ್ಲ. ತಮ್ಮನ ಕಾಲು ಕುಂಟಾಯಿತು. ಎರಡೂ ಕಡೆಯವರ ಮೇಲೆ ಕೇಸು ಬಿದ್ದು ಅಣ್ಣನ ಮಗ, ತಮ್ಮ ಇಬ್ಬರೂ ಜೈಲು ಕಂಡು ಬಂದರು.

ನನ್ನ ಮೇಲೆ ಇಲಾಖೆಯ ವಿಚಾರಣೆ ನಡೆಯಿತು.

"ನೀನ ಹೊಡದ ಮುದ್ರಿ ನೀನ ಯಾಕ ಕೆತ್ತಿದಿ?" ಸಾಹೇಬರು ಕೇಳಿದರು.

"ಅಪಾಯ ಐತಂತ ಹೊಡದಿದ್ದೆರಿ. ಅದಕ್ಕಿಂತ ದೊಡ್ಡ ಅಪಾಯ ಬಂತ್ರಿ, ಕೆತ್ತಿದೆ."

ನನ್ನನ್ನು ಅಮಾನತು ಮಾಡಿ ಆಮೇಲೆ ರಾಯಬಾಗ ಕಡೆಗೆ ಎತ್ತಿ ಒಗೆದರು. ನೌಕರಿ ಉಳಿಯಿತು. ಹಳೆಯ ಪರವಾನಗಿ ರದ್ದು, ಆ ಮರಕ್ಕೆ ಯಾರೂ ಹೊಸ ಪರವಾನಗಿ ಇಲ್ಲದೆ ಕಬ್ಬಿಣ ತಾಗಿಸಬಾರದು ಎಂದು ಆದೇಶವೂ ಆಯಿತು. ಗರಗಸದ ಗಾಯಕ್ಕೆ ಸಗಣಿ, ಕೆಮ್ಮಣ್ಣು ಮೆತ್ತಿ, ಕಲ್ಲಿನ ಕಂಬ ಆನಿಸಿದರು. ಈ ಸಲ ಅಣ್ಣ ಬೇಡ ಎನ್ನಲಿಲ್ಲ.

ತೊಂಬತ್ತರ ದಶಕದ ನಡುವಿನಲ್ಲಿ ಬಡ್ತಿ ಬಂದು ಮತ್ತೆ ಅಥಣಿಗೆ ಬಂದೆ. ಬಂದ ಕೆಲವೇ ದಿನಗಳಲ್ಲಿ ಒಬ್ಬ ಮುದುಕ ಅರ್ಜಿ ಹಿಡಿದು ನಿಂತ. ಒಂದು ಕಿವಿಯ ಹಾಲೆ ಹರಿದಿತ್ತು. ಅಣ್ಣ. ನನ್ನ ಎರಡು ಬೆರಳು ನೋಡಿ ತಲೆ ತಗ್ಗಿಸಿದ.

"ಪಡವಣ ಟೊಂಗಿ ಮತ್ತ ಚಿಗತಾವ್ರಿ. ದ್ರಾಕ್ಷಿಗೆ ಬಿಸಲ ಬರವಲ್ದು. ನನ್ನ ಪಾಲಿನವ ಅದಾವು, ಸವರಾಕ ಪರವಾನಗಿ ಕೊಡ್ರಿ."

ಹೋಗಿ ನೋಡಿದೆ. ನನಗೆ ನಗು ತಡೆಯಲಾಗಲಿಲ್ಲ. ಕಾಂಡದವರೆಗೆ ಸವರಿದ್ದ ಜಾಗದಿಂದ ತೋಳು ದಪ್ಪದ ಟೊಂಗೆಗಳು ಎದ್ದು ದ್ರಾಕ್ಷಿ ಚಪ್ಪರದ ಮೇಲೆ ಕೊಡೆ ಹಿಡಿದಿದ್ದವು. ಮೊದಲು ಮೂರು ಸಾಲಿಗಿದ್ದ ನೆರಳು ಈಗ ಇನ್ನೂ ಒಳಗೆ ಹೋಗಿತ್ತು. ಪಡುವಣ ಭಾರ ಏರಿ ಮರ ಎರಡೂ ಕಡೆ ಸಮ ತೂಗಿ ನಿಂತಿತ್ತು, ಬುಡದ ಬಿರುಕು ಮುಚ್ಚಿತ್ತು. ಅಲ್ಲೇ ನಿಂತು ವರದಿ ಬರೆದೆ. ಈ ಟೊಂಗೆಗಳು ಮರವನ್ನು ಸಮನಾಗಿ ಹಿಡಿದಿವೆ, ಸವರಿದರೆ ಮರ ಮತ್ತೆ ವಾಲಿ ಅರ್ಜಿದಾರರ ಸ್ವಂತ ತಮ್ಮನ ಸಂಸಾರ ಮಣ್ಣಾಗುತ್ತದೆ, ಅರ್ಜಿ ತಿರಸ್ಕರಿಸಬೇಕು. ಬರೆದದ್ದನ್ನು ಅಣ್ಣನಿಗೆ ಓದಿ ಹೇಳಿದೆ. ತನ್ನದೇ ಮಾತು ಅವನಿಗೆ ಗುರುತು ಸಿಕ್ಕಿತು.

ಆಮೇಲೆ ಅವನು ದನಿ ಇಳಿಸಿ, "ಕಬ್ಬಿಣ ತಾಗಸೂದು ಬ್ಯಾಡ್ರಿ. ತಮ್ಮನ ಆಡ ನನ್ನ ಟೊಂಗಿ ಮೇಯ್ದ್ರ ಕಾಯ್ದೆ ಏನಂತೈತಿ? ನೀವರ ಒಂದ ಮಾತ ಹೇಳ್ರಿ ಅವ್ಗ. ನಾ ಕರದ್ರ ಮಾತಾಡಂಗಿಲ್ಲ" ಎಂದ.

ಬದು ದಾಟಿ ಹೋದೆ. ನೆರಳಲ್ಲಿ ತಮ್ಮ ಕುಂಟಗಾಲು ಚಾಚಿ ಕೂತು ಕಲ್ಲಿನ ಮೇಲೆ ಕೊಯ್ತಾ ಮಸೆಯುತ್ತಿದ್ದ. ಸುತ್ತ ಕುರಿಗಳು ಮಲಗಿದ್ದವು. ಆಡುಗಳು ವಾಲಿದ ಕಾಂಡವನ್ನೇ ಮೆಟ್ಟಿಲು ಮಾಡಿಕೊಂಡು ಮೇಲೆ ಹತ್ತಿ ಮೂಡಣ ಟೊಂಗೆಯ ತೊಪ್ಪಲು ತಿನ್ನುತ್ತಿದ್ದವು. ಅಣ್ಣ ಕೇಳಿದ್ದನ್ನು ಹೇಳಿದೆ. ಅವನು ಕೊಯ್ತಾದ ಅಲಗನ್ನು ಹೆಬ್ಬೆರಳಿನಿಂದ ಸವರಿ ನೋಡಿ, ಹಲ್ಲಿಲ್ಲದ ಬಾಯಲ್ಲಿ ನಕ್ಕ.

"ಪಡವಣ ಟೊಂಗಿ ಅಣ್ಣನ ಪಾಲ್ರಿ, ಸಾಹೇಬ್ರ. ಇನ್ನೊಬ್ಬರ ಪಾಲಿಂದ ನನ್ನ ಆಡ ಒಂದ ಎಲಿ ತಿಂದ್ರ ನಮ್ಮ ಹಿರ್ಯಾರು ಮೆಚ್ಚತಾರೇನ್ರಿ?"

ಅಷ್ಟರಲ್ಲಿ ಒಂದು ಮರಿ ಆಡು ಕವಲು ದಾಟಿ ಪಡುವಣ ಚಿಗುರಿಗೆ ಬಾಯಿ ಹಾಕಿತು. ದೊಡ್ಡಿಯ ಬಾಗಿಲಲ್ಲಿದ್ದ ಅವನ ಹೆಂಡತಿ ಸೊಂಟದಿಂದ ಕವಣೆ ಬಿಚ್ಚಿದಳು. ಕಲ್ಲು ಸುಂಯ್ ಎಂದು ಹೋಗಿ ಆಡಿನ ಮೂತಿಯ ಮುಂದಿನ ಟೊಂಗೆಗೆ ಬಡಿಯಿತು. ಆಡು ಹಿಂದಕ್ಕೆ ಬಂತು. ಬದುವಿನ ಆಚೆ ಅಣ್ಣ ನೆರಳಲ್ಲಿ ನಿಂತು ನೋಡುತ್ತಿದ್ದ.